ರಕ್ತನಂಜು: ಬ್ಯಾಕ್ಟೀರಿಯಾ ವಿಷದಿಂದ ರಕ್ತನಾಳಗಳೊಳಗೆ ರಕ್ತ ಹೆಪ್ಪುಗಟ್ಟುವ ಬಗೆ ಮತ್ತು ಲಭ್ಯವಿರುವ ಚಿಕಿತ್ಸಾ ಸೌಲಭ್ಯಗಳು

1. ಪೀಠಿಕೆ

ಹುಳಿಯಾರು ಹೋಬಳಿಯೂ ಸೇರಿದಂತೆ ಚಿಕ್ಕನಾಯಕನಹಳ್ಳಿ, ತಿಪಟೂರು ಹಾಗೂ ತುರುವೇಕೆರೆ ತಾಲ್ಲೂಕುಗಳು ತುಮಕೂರು ಜಿಲ್ಲೆಯ ಪ್ರಮುಖ ತೆಂಗು ಬೆಳೆಯುವ ಪ್ರದೇಶಗಳಾಗಿವೆ. ಕಾಯಿ ಕೀಳುವುದು, ಸುಲಿಯುವುದು, ಕೊಬ್ಬರಿ ಒಡೆಯುವುದು, ನಾರು ತೆಗೆಯುವುದು, ಸೋಗೆ ಹೊರುವುದು ಮುಂತಾದ ಕೆಲಸಗಳಲ್ಲಿ ಕೈಕಾಲುಗಳಿಗೆ ಸಣ್ಣಪುಟ್ಟ ಗಾಯಗಳಾಗುವುದು ಸಾಮಾನ್ಯ. ಇವುಗಳಲ್ಲಿ ಬಹುಪಾಲು ಗಾಯಗಳು ತಾವಾಗಿಯೇ ವಾಸಿಯಾಗುತ್ತವೆ. ಕೆಲವು ಮಾತ್ರ ನಂಜಾಗುತ್ತವೆ. ಆ ನಂಜು ಗಾಯದ ಸ್ಥಳದಲ್ಲಿ ನಿಲ್ಲದೆ ಇಡೀ ಶರೀರದ ಮೇಲೆ ಪರಿಣಾಮ ಬೀರಿ ಅಂಗಾಂಗಗಳಿಗೆ ಹಾನಿ ಮಾಡುವ ಸ್ಥಿತಿಗೆ ರಕ್ತನಂಜು ಅಥವಾ ಸೆಪ್ಸಿಸ್ ಎಂದು ಹೆಸರು.

ರಕ್ತನಂಜಿನ ಅತ್ಯಂತ ಅಪಾಯಕಾರಿ ತೊಡಕೆಂದರೆ, ರಕ್ತವು ರಕ್ತನಾಳಗಳ ಒಳಗೇ ಹೆಪ್ಪುಗಟ್ಟತೊಡಗುವುದು. ಇದು ಹೇಗೆ ಸಂಭವಿಸುತ್ತದೆ, ಇದರ ಲಕ್ಷಣಗಳೇನು, ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವ ಚಿಕಿತ್ಸೆ ದೊರೆಯುತ್ತದೆ ಹಾಗೂ ನೆರವನ್ನು ಪಡೆಯಲು ನಾಗರಿಕರು ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ರಕ್ತವು ಸಹಜವಾಗಿ ಹೆಪ್ಪುಗಟ್ಟುವ ಕ್ರಮ

ಆರೋಗ್ಯವಂತರ ರಕ್ತವು ನಾಳಗಳಲ್ಲಿ ದ್ರವರೂಪದಲ್ಲಿಯೇ ಹರಿಯುತ್ತಿರುತ್ತದೆ. ಗಾಯವಾದಾಗ ಮಾತ್ರ ಗಾಯದ ಬಾಯಿಯಲ್ಲಿ ಹೆಪ್ಪುಗಟ್ಟುತ್ತದೆ. ರಕ್ತನಾಳದ ಗೋಡೆಯ ಹೊರಭಾಗದಲ್ಲಿರುವ ಜೀವಕೋಶಗಳ ಮೇಲೆ "ಅಂಗಾಂಶ ಘಟಕ" ಎಂಬ ಪ್ರೋಟೀನು ಇರುತ್ತದೆ. ನಾಳವು ಕತ್ತರಿಸಿದಾಗ ರಕ್ತವು ಈ ಪ್ರೋಟೀನಿಗೆ ತಾಗುತ್ತದೆ. ಆಗ ರಕ್ತದಲ್ಲಿರುವ ಹೆಪ್ಪುಕಾರಕ ಅಂಶಗಳು ಒಂದರ ನಂತರ ಒಂದರಂತೆ ಚುರುಕಾಗಿ, ಕೊನೆಗೆ ಥ್ರಾಂಬಿನ್ ಎಂಬ ಕಿಣ್ವ ಉತ್ಪತ್ತಿಯಾಗುತ್ತದೆ. ಥ್ರಾಂಬಿನ್, ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಅನ್ನು ಫೈಬ್ರಿನ್ ಎಂಬ ಎಳೆಗಳನ್ನಾಗಿ ಪರಿವರ್ತಿಸುತ್ತದೆ. ಈ ಎಳೆಗಳ ಬಲೆಯಲ್ಲಿ ಪ್ಲೇಟ್‌ಲೆಟ್‌ಗಳು ಅಂದರೆ ಕಿರುಬಿಲ್ಲೆಗಳು ಮತ್ತು ರಕ್ತಕಣಗಳು ಸಿಲುಕಿ ಹೆಪ್ಪು ಗಟ್ಟಿಯಾಗುತ್ತದೆ.

ಹೆಪ್ಪು ಅನಗತ್ಯವಾಗಿ ಬೆಳೆಯದಂತೆ ತಡೆಯುವ ವ್ಯವಸ್ಥೆಯೂ ಶರೀರದಲ್ಲಿದೆ. ಆಂಟಿಥ್ರಾಂಬಿನ್ ಹಾಗೂ ಪ್ರೋಟೀನ್-ಸಿ ಎಂಬ ಅಂಶಗಳು ಹೆಪ್ಪುಗಟ್ಟುವಿಕೆಗೆ ಕಡಿವಾಣ ಹಾಕುತ್ತವೆ. ಪ್ಲಾಸ್ಮಿನ್ ಎಂಬ ಕಿಣ್ವವು ಕೆಲಸ ಮುಗಿದ ಹೆಪ್ಪನ್ನು ಕರಗಿಸುತ್ತದೆ. ಹೆಪ್ಪುಗಟ್ಟಿಸುವ, ತಡೆಯುವ ಮತ್ತು ಕರಗಿಸುವ ಈ ಮೂರು ಕಾರ್ಯಗಳ ನಡುವಿನ ಸಮತೋಲನದಿಂದಲೇ ರಕ್ತಸಂಚಾರ ಸುಗಮವಾಗಿರುತ್ತದೆ.

3. ಬ್ಯಾಕ್ಟೀರಿಯಾ ವಿಷ ಎಂದರೇನು?

ಬ್ಯಾಕ್ಟೀರಿಯಾಗಳ ವಿಷಗಳನ್ನು ಮುಖ್ಯವಾಗಿ ಎರಡು ಬಗೆಯಾಗಿ ವಿಂಗಡಿಸಲಾಗಿದೆ.

(ಅ) ಹೊರವಿಷ: ಬ್ಯಾಕ್ಟೀರಿಯಾ ಜೀವಂತವಾಗಿರುವಾಗ ಹೊರಕ್ಕೆ ಸ್ರವಿಸುವ ವಿಷ. ಧನುರ್ವಾಯು ಮತ್ತು ಗಂಟಲಮಾರಿ ರೋಗಗಳ ವಿಷಗಳು ಈ ವರ್ಗಕ್ಕೆ ಸೇರಿವೆ.

(ಆ) ಒಳವಿಷ: ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿಯೇ ಅಡಕವಾಗಿರುವ, ಬ್ಯಾಕ್ಟೀರಿಯಾ ಸತ್ತು ಒಡೆದಾಗ ಹೆಚ್ಚಾಗಿ ಬಿಡುಗಡೆಯಾಗುವ ವಿಷ. ಜರ್ಮನಿಯ ವಿಜ್ಞಾನಿ ರಿಚರ್ಡ್ ಫೈಫರ್ 1892ರಲ್ಲಿ ಕಾಲರಾ ರೋಗಾಣುಗಳನ್ನು ಅಧ್ಯಯನ ಮಾಡುವಾಗ, ಸತ್ತ ರೋಗಾಣುಗಳೂ ಪ್ರಾಣಿಗಳಿಗೆ ಮಾರಕವಾಗಬಲ್ಲವೆಂದು ಕಂಡು ಈ ವಿಷವನ್ನು ಗುರುತಿಸಿದರು. ರಾಸಾಯನಿಕವಾಗಿ ಇದು ಕೊಬ್ಬು ಮತ್ತು ಸಕ್ಕರೆಯ ಸಂಯುಕ್ತವಾಗಿದ್ದು, ಲಿಪೊಪಾಲಿಸ್ಯಾಕರೈಡ್ ಎನಿಸಿಕೊಳ್ಳುತ್ತದೆ. ಮೂತ್ರನಾಳದ ಸೋಂಕಿಗೆ ಕಾರಣವಾಗುವ ಈ-ಕೋಲಿ, ಶ್ವಾಸಕೋಶದ ಸೋಂಕಿಗೆ ಕಾರಣವಾಗುವ ಕ್ಲೆಬ್ಸಿಯೆಲ್ಲಾ ಮುಂತಾದವುಗಳಲ್ಲಿ ಇದು ಇರುತ್ತದೆ.

4. ವಿಷವು ನಾಳಗಳೊಳಗೆ ರಕ್ತವನ್ನು ಹೆಪ್ಪುಗಟ್ಟಿಸುವ ಹಂತಗಳು

ಒಳವಿಷವು ರಕ್ತವನ್ನು ನೇರವಾಗಿ ಹೆಪ್ಪುಗಟ್ಟಿಸುವುದಿಲ್ಲ. ಶರೀರದ ರಕ್ಷಣಾ ವ್ಯವಸ್ಥೆಯೇ ಆ ವಿಷಕ್ಕೆ ಪ್ರತಿಕ್ರಿಯಿಸಿ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಇದರ ಹಂತಗಳು ಈ ಕೆಳಕಂಡಂತಿವೆ.

ಮೊದಲನೆಯ ಹಂತ – ಗುರುತಿಸುವಿಕೆ: ಬಿಳಿರಕ್ತಕಣಗಳ ಮೇಲಿರುವ ಟಿಎಲ್‌ಆರ್-4 ಎಂಬ ಗ್ರಾಹಿಯು ಒಳವಿಷವನ್ನು ಗುರುತಿಸುತ್ತದೆ. ಈ ಗ್ರಾಹಿಯ ಪಾತ್ರವನ್ನು 1998ರಲ್ಲಿ ತೋರಿಸಿಕೊಟ್ಟ ಬ್ರೂಸ್ ಬ್ಯೂಟ್ಲರ್ ಅವರು 2011ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಎರಡನೆಯ ಹಂತ – ಅಂಗಾಂಶ ಘಟಕದ ಪ್ರಕಟಣೆ: ಸಾಮಾನ್ಯವಾಗಿ ರಕ್ತದ ಸಂಪರ್ಕಕ್ಕೆ ಬಾರದ ಅಂಗಾಂಶ ಘಟಕವನ್ನು, ವಿಷದಿಂದ ಪ್ರಚೋದಿತವಾದ ಬಿಳಿರಕ್ತಕಣಗಳು ತಮ್ಮ ಮೈಮೇಲೆಯೇ ಹೊರಹಾಕುತ್ತವೆ. ಗಾಯವೇ ಇಲ್ಲದ ಕಡೆಯಲ್ಲಿ ರಕ್ತಕ್ಕೆ "ಗಾಯವಾಗಿದೆ" ಎಂಬ ಸೂಚನೆ ದೊರೆತಂತಾಗುತ್ತದೆ. ವಿಷವು ಕಣದ ಒಳಭಾಗವನ್ನು ಪ್ರವೇಶಿಸಿದರೆ ಕಣದ ಪೊರೆಯಲ್ಲಿ ರಂಧ್ರಗಳುಂಟಾಗಿ ಕಣವೇ ಒಡೆಯುತ್ತದೆ. ಆಗಲೂ ಅಂಗಾಂಶ ಘಟಕವು ದೊಡ್ಡ ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತದೆಂದು 2019ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿವೆ.

ಮೂರನೆಯ ಹಂತ – ಥ್ರಾಂಬಿನ್ ಮತ್ತು ಫೈಬ್ರಿನ್ ಉತ್ಪತ್ತಿ: ಸೂಕ್ಷ್ಮ ರಕ್ತನಾಳಗಳಲ್ಲಿ ಅಸಂಖ್ಯಾತ ಸಣ್ಣ ಹೆಪ್ಪುಗಳು ಉಂಟಾಗುತ್ತವೆ. ಕೆಲವು ಬಿಳಿರಕ್ತಕಣಗಳು ರೋಗಾಣುಗಳನ್ನು ಹಿಡಿಯಲು ತಮ್ಮ ವಂಶವಾಹಿ ಎಳೆಗಳನ್ನೇ ಬಲೆಯಂತೆ ಹೊರಚೆಲ್ಲುತ್ತವೆ. ಈ ಬಲೆಗಳೂ ಹೆಪ್ಪಿಗೆ ಆಸರೆಯಾಗುತ್ತವೆ.

ನಾಲ್ಕನೆಯ ಹಂತ – ಕಡಿವಾಣ ತಪ್ಪುವಿಕೆ: ಆಂಟಿಥ್ರಾಂಬಿನ್ ಮತ್ತು ಪ್ರೋಟೀನ್-ಸಿ ಖರ್ಚಾಗಿ ಕಡಿಮೆಯಾಗುತ್ತವೆ. ಹೆಪ್ಪು ಕರಗಿಸುವ ಕಾರ್ಯವನ್ನು ತಡೆಯುವ ಪಿಎಐ-1 ಎಂಬ ಅಂಶವು ಹೆಚ್ಚುತ್ತದೆ. ಇದರಿಂದ ಹೆಪ್ಪುಗಟ್ಟುವುದು ಹೆಚ್ಚಾಗಿ, ಕರಗುವುದು ನಿಂತುಹೋಗುತ್ತದೆ.

ಆರೋಗ್ಯವಂತ ಸ್ವಯಂಸೇವಕರಿಗೆ ಅತ್ಯಲ್ಪ ಪ್ರಮಾಣದ ಒಳವಿಷವನ್ನು ನೀಡಿ ನಡೆಸಿದ ಪ್ರಯೋಗಗಳಲ್ಲಿ, ಕೆಲವೇ ಗಂಟೆಗಳಲ್ಲಿ ಥ್ರಾಂಬಿನ್ ಉತ್ಪತ್ತಿ ಹೆಚ್ಚಾಗುವುದು ಕಂಡುಬಂದಿದೆ. ರಕ್ತನಂಜಿನಲ್ಲಿ ಗಂಟೆಗಳ ಲೆಕ್ಕ ಏಕೆ ಮುಖ್ಯವೆಂಬುದಕ್ಕೆ ಇದೇ ಉತ್ತರ.

ಎಲ್ಲ ಬ್ಯಾಕ್ಟೀರಿಯಾಗಳೂ ಇದೇ ದಾರಿಯನ್ನು ಅನುಸರಿಸುವುದಿಲ್ಲ. ಕುರು, ಕೀವುಗಾಯಗಳಿಗೆ ಸಾಮಾನ್ಯ ಕಾರಣವಾದ ಸ್ಟೆಫೈಲೊಕಾಕಸ್ ಔರಿಯಸ್‌ನಲ್ಲಿ ಒಳವಿಷವಿಲ್ಲ. ಆದರೆ ಅದು ಸ್ರವಿಸುವ ಕೊಆಗ್ಯುಲೇಸ್ ಎಂಬ ವಸ್ತುವು ರಕ್ತದ ಪ್ರೋಥ್ರಾಂಬಿನ್ ಜೊತೆ ಕೂಡಿಕೊಂಡು, ಶರೀರದ ಸಹಜ ಹಂತಗಳನ್ನು ಬದಿಗೊತ್ತಿ ನೇರವಾಗಿ ಫೈಬ್ರಿನ್ ಉತ್ಪತ್ತಿ ಮಾಡಿಸುತ್ತದೆ. ಆ ಫೈಬ್ರಿನ್ ಹೊದಿಕೆಯೊಳಗೆ ರೋಗಾಣುವು ಶರೀರದ ರಕ್ಷಣಾ ಕಣಗಳಿಂದ ಮರೆಯಾಗಿ ಉಳಿಯುತ್ತದೆ.

5. ಶರೀರವು ಹೀಗೇಕೆ ಪ್ರತಿಕ್ರಿಯಿಸುತ್ತದೆ?

ಮಿತಿಯಲ್ಲಿದ್ದರೆ ಈ ಪ್ರತಿಕ್ರಿಯೆ ರಕ್ಷಣೆಯೇ ಆಗಿದೆ. ರೋಗಾಣುಗಳು ಮುಂದೆ ಹರಡದಂತೆ ಹೆಪ್ಪಿನ ಬೇಲಿ ಹಾಕುವುದು ಇದರ ಉದ್ದೇಶ. ಅತ್ಯಂತ ಪ್ರಾಚೀನ ಜೀವಿಗಳಲ್ಲಿ ಒಂದಾದ ಕುದುರೆಲಾಳದ ಏಡಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಒಡಿಶಾ ಕರಾವಳಿಯಲ್ಲಿಯೂ ಕಂಡುಬರುವ ಈ ಜೀವಿಯ ರಕ್ತವು ಒಳವಿಷ ತಾಗಿದೊಡನೆ ಗಟ್ಟಿಯಾಗುತ್ತದೆ. ಅಮೆರಿಕದ ಫ್ರೆಡರಿಕ್ ಬ್ಯಾಂಗ್ ಅವರು 1956ರಲ್ಲಿ ಇದನ್ನು ವರದಿ ಮಾಡಿದರು. ಇದನ್ನು ಆಧರಿಸಿ ರೂಪಿಸಿದ ಪರೀಕ್ಷೆಯಿಂದಲೇ ಚುಚ್ಚುಮದ್ದು, ಲಸಿಕೆ ಹಾಗೂ ಸಲೈನ್ ಬಾಟಲಿಗಳಲ್ಲಿ ಒಳವಿಷವಿಲ್ಲವೆಂದು ಖಚಿತಪಡಿಸಿಕೊಳ್ಳುವ ಪದ್ಧತಿ ಬೆಳೆಯಿತು.

ಮನುಷ್ಯರಲ್ಲಿ ಸೋಂಕು ಒಂದೆಡೆ ಇರುವವರೆಗೆ ಈ ಬೇಲಿ ಉಪಕಾರಿ. ವಿಷವು ರಕ್ತದೊಡನೆ ಶರೀರದಾದ್ಯಂತ ಹರಡಿದಾಗ ಬೇಲಿಯೂ ಎಲ್ಲೆಡೆ ಏಳುತ್ತದೆ. ಆಗ ರಕ್ಷಣೆಯೇ ರೋಗವಾಗುತ್ತದೆ.

6. ಹೆಪ್ಪುಗಟ್ಟುವಿಕೆ ಮತ್ತು ರಕ್ತಸ್ರಾವ ಒಟ್ಟಿಗೆ ಕಾಣಿಸಿಕೊಳ್ಳಲು ಕಾರಣ

ಈ ಸ್ಥಿತಿಯನ್ನು ವೈದ್ಯರು "ವ್ಯಾಪಕ ಅಂತರ್ನಾಳೀಯ ಹೆಪ್ಪುಗಟ್ಟುವಿಕೆ" ಅಥವಾ ಸಂಕ್ಷಿಪ್ತವಾಗಿ ಡಿಐಸಿ ಎಂದು ಕರೆಯುತ್ತಾರೆ. ಇದರಲ್ಲಿ ಎರಡು ವಿರುದ್ಧ ತೊಂದರೆಗಳು ಒಂದೇ ರೋಗಿಯಲ್ಲಿ ಕಾಣಿಸಿಕೊಳ್ಳುತ್ತವೆ.

• ಸೂಕ್ಷ್ಮನಾಳಗಳು ಮುಚ್ಚಿಹೋಗಿ ಮೂತ್ರಪಿಂಡ, ಶ್ವಾಸಕೋಶ, ಯಕೃತ್ತು ಹಾಗೂ ಮೆದುಳಿಗೆ ರಕ್ತ ತಲುಪುವುದಿಲ್ಲ. ಬೆರಳುಗಳ ತುದಿ ನೀಲಿಯಾಗಿ ಅನಂತರ ಕಪ್ಪಾಗಬಹುದು.

• ಲೆಕ್ಕವಿಲ್ಲದಷ್ಟು ಸಣ್ಣ ಹೆಪ್ಪುಗಳಲ್ಲಿ ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜನ್ ಖರ್ಚಾಗಿಬಿಡುವುದರಿಂದ, ನಿಜವಾಗಿ ಹೆಪ್ಪು ಬೇಕಾದ ಕಡೆ ಹೆಪ್ಪುಗಟ್ಟುವುದಿಲ್ಲ. ವಸಡು, ಮೂಗು ಹಾಗೂ ಸೂಜಿ ಚುಚ್ಚಿದ ಜಾಗದಿಂದ ರಕ್ತ ಒಸರುತ್ತದೆ.

7. ಮೈಸೂರು ಸಂಸ್ಥಾನದ ಪ್ಲೇಗ್ ಅನುಭವ

ಒಳವಿಷದ ಈ ಪರಿಣಾಮವನ್ನು ಹಳೆಯ ಮೈಸೂರು ಸೀಮೆಯು ಪ್ಲೇಗ್ ರೋಗದ ರೂಪದಲ್ಲಿ ಕಂಡಿದೆ. ಪ್ಲೇಗ್ ರೋಗಾಣುವನ್ನು ಅಲೆಕ್ಸಾಂಡರ್ ಯರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದರು. ರೋಗವು 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, 1898ರಲ್ಲಿ ಬೆಂಗಳೂರನ್ನು ತಲುಪಿತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರುವ ಉದ್ದೇಶದಿಂದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಗ್ರಾಮಗಳಲ್ಲಿ ಇಲಿ ಬಿದ್ದ ಸುದ್ದಿ ಬಂದೊಡನೆ ಜನರು ಊರು ಬಿಟ್ಟು ಹೊಲ, ತೋಟಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು.

ಪ್ಲೇಗ್ ರೋಗಾಣುವಿನ ಹೊರಪೊರೆಯಲ್ಲಿಯೂ ಒಳವಿಷವಿದೆ. ರೋಗವು ರಕ್ತಕ್ಕೆ ಸೇರಿದಾಗ ಕೆಲವು ರೋಗಿಗಳ ಕೈಕಾಲು ಬೆರಳು ಹಾಗೂ ಮೂಗಿನ ತುದಿ ಕಪ್ಪಾಗುತ್ತವೆ. ಇದಕ್ಕೆ ಸೂಕ್ಷ್ಮನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದೇ ಕಾರಣ. ಅಂದು ಪ್ರತಿಜೀವಕ ಔಷಧಗಳಿರಲಿಲ್ಲ. ಇಂದು ಪ್ಲೇಗ್ ಸೇರಿದಂತೆ ಬ್ಯಾಕ್ಟೀರಿಯಾ ರೋಗಗಳಿಗೆ ಔಷಧಗಳಿವೆ. ಆದರೆ ಅವು ಸಕಾಲದಲ್ಲಿ ರೋಗಿಗೆ ತಲುಪಬೇಕು.

8. ತೆಂಗು ಸೀಮೆಯಲ್ಲಿ ಎಚ್ಚರ ವಹಿಸಬೇಕಾದ ಸಂದರ್ಭಗಳು

(ಅ) ಗಾಯಗಳು: ಮಚ್ಚು, ಕುಡುಗೋಲು ಹಾಗೂ ಕಾಯಿ ಸುಲಿಯುವ ಆಯುಧಗಳಿಂದಾದ ಗಾಯ, ಗರಿಯ ಕಡ್ಡಿ ಅಥವಾ ಮುಳ್ಳು ಚುಚ್ಚಿದ ಗಾಯಗಳನ್ನು ಶುದ್ಧ ನೀರು ಮತ್ತು ಸಾಬೂನಿನಿಂದ ತೊಳೆಯಬೇಕು. ಸಗಣಿ, ಬೂದಿ, ಸುಣ್ಣ ಅಥವಾ ಸೊಪ್ಪಿನ ರಸವನ್ನು ಹಚ್ಚಬಾರದು. ಸಕ್ಕರೆ ಕಾಯಿಲೆ ಇರುವವರು ಪಾದದ ಗಾಯವನ್ನು ಎಂದೂ ಉಪೇಕ್ಷಿಸಬಾರದು.

(ಆ) ಹೆರಿಗೆ ಮತ್ತು ಗರ್ಭಪಾತದ ನಂತರ: ಜ್ವರ, ದುರ್ವಾಸನೆಯ ಸ್ರಾವ ಅಥವಾ ಹೊಟ್ಟೆನೋವು ಕಾಣಿಸಿದರೆ ಬಾಣಂತಿಯನ್ನು ಅದೇ ದಿನ ಆಸ್ಪತ್ರೆಗೆ ಕರೆತರಬೇಕು.

(ಇ) ಇಲಿಜ್ವರ: ಇಲಿಗಳ ಮೂತ್ರದಿಂದ ಕಲುಷಿತವಾದ ನೀರು ಅಥವಾ ಕೆಸರು, ಗಾಯವಿರುವ ಚರ್ಮಕ್ಕೆ ತಾಗಿದರೆ ಈ ರೋಗ ಬರಬಹುದು. ಕಾಲುವೆ, ಕೆಸರು ಹಾಗೂ ತೇವವಿರುವ ತೋಟಗಳಲ್ಲಿ ಕೆಲಸ ಮಾಡುವವರು ಪಾದರಕ್ಷೆ ಧರಿಸಬೇಕು.

(ಈ) ಮೂತ್ರನಾಳ ಮತ್ತು ಶ್ವಾಸಕೋಶದ ಸೋಂಕು: ವೃದ್ಧರಲ್ಲಿ ರಕ್ತನಂಜಿನ ಮೂಲ ಅನೇಕ ವೇಳೆ ಇವೇ ಆಗಿರುತ್ತವೆ. ವೃದ್ಧರಿಗೆ ಜ್ವರವಿಲ್ಲದೆಯೂ ರಕ್ತನಂಜು ಇರಬಹುದು.

ಹಾವಿನ ಕಡಿತದೊಂದಿಗೆ ಹೋಲಿಕೆ: ತೋಟಗಳಲ್ಲಿ ಕಾಣುವ ಕೊಳಕುಮಂಡಲ ಹಾವಿನ ವಿಷವೂ ರಕ್ತದ ಹೆಪ್ಪುಕಾರಕ ಅಂಶಗಳನ್ನು ಚುರುಕುಗೊಳಿಸಿ ಖರ್ಚು ಮಾಡಿಸುತ್ತದೆ. ಕೊನೆಗೆ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ರೋಗಿಯ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿದೆಯೇ ಎಂದು ನೋಡುವುದು ಇದಕ್ಕಾಗಿಯೇ. ಹಾವಿನ ಕಡಿತಕ್ಕೆ ಪ್ರತಿವಿಷ ಔಷಧವಿದೆ. ಬ್ಯಾಕ್ಟೀರಿಯಾ ಒಳವಿಷಕ್ಕೆ ಅಂತಹ ಸಿದ್ಧ ಪ್ರತಿವಿಷ ಬಳಕೆಯಲ್ಲಿಲ್ಲ. ವಿಷದ ಮೂಲವಾದ ಸೋಂಕನ್ನೇ ನಿಲ್ಲಿಸಬೇಕಾಗುತ್ತದೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಅಧಿಸೂಚಿಸಿದೆ.

9. ಅಪಾಯದ ಲಕ್ಷಣಗಳು

ಸೋಂಕು ಅಥವಾ ಗಾಯ ಇರುವವರಲ್ಲಿ ಈ ಕೆಳಕಂಡ ಯಾವುದೇ ಲಕ್ಷಣ ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆತರತಕ್ಕದ್ದು.

• ನಡುಕದೊಂದಿಗೆ ಜ್ವರ, ಅಥವಾ ಮೈ ಅಸಹಜವಾಗಿ ತಣ್ಣಗಾಗುವುದು
• ನಿಮಿಷಕ್ಕೆ 22 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಟ (ವಯಸ್ಕರಲ್ಲಿ)
• ಮಂಪರು, ಅಸಂಬದ್ಧ ಮಾತು, ಗುರುತು ಹಿಡಿಯದಿರುವುದು
• ಮೂತ್ರದ ಪ್ರಮಾಣ ಬಹಳ ಕಡಿಮೆಯಾಗುವುದು
• ಕೈಕಾಲು ತಣ್ಣಗಾಗಿ ಚರ್ಮದ ಮೇಲೆ ನೀಲಿ ಮಚ್ಚೆಗಳು ಮೂಡುವುದು
• ಪಾರದರ್ಶಕ ಗಾಜಿನ ಲೋಟವನ್ನು ಒತ್ತಿದರೂ ಮಾಯವಾಗದ ಕೆಂಪು ಅಥವಾ ನೇರಳೆ ಚುಕ್ಕೆಗಳು
• ವಸಡು, ಮೂಗು, ಮೂತ್ರ ಅಥವಾ ಮಲದಲ್ಲಿ ರಕ್ತ

10. ಆಸ್ಪತ್ರೆಯಲ್ಲಿ ನಡೆಯುವ ಪರೀಕ್ಷೆ ಮತ್ತು ಚಿಕಿತ್ಸೆ

ಪ್ಲೇಟ್‌ಲೆಟ್ ಎಣಿಕೆ (ಸಾಮಾನ್ಯ ಪ್ರಮಾಣ ಪ್ರತಿ ಮೈಕ್ರೊಲೀಟರ್ ರಕ್ತಕ್ಕೆ 1.5 ಲಕ್ಷದಿಂದ 4.5 ಲಕ್ಷ), ಪ್ರೋಥ್ರಾಂಬಿನ್ ಸಮಯ, ಫೈಬ್ರಿನೋಜನ್ ಮತ್ತು ಡಿ-ಡೈಮರ್ ಪರೀಕ್ಷೆಗಳನ್ನು ಒಟ್ಟಾಗಿ ಪರಿಶೀಲಿಸಿ ಡಿಐಸಿ ಇದೆಯೇ ಎಂದು ನಿರ್ಧರಿಸಲಾಗುತ್ತದೆ. ಒಂದೇ ಪರೀಕ್ಷೆಯಿಂದ ಇದನ್ನು ತೀರ್ಮಾನಿಸಲು ಸಾಧ್ಯವಿಲ್ಲ. ಆದ್ದರಿಂದ ಕೆಲವು ಗಂಟೆಗಳ ಅಂತರದಲ್ಲಿ ಪುನಃ ರಕ್ತ ತೆಗೆಯಬೇಕಾಗಬಹುದು. ರೋಗಿಯ ಕಡೆಯವರು ಸಹಕರಿಸಬೇಕು.

ಚಿಕಿತ್ಸೆಯ ಮೊದಲ ಗುರಿ ಹೆಪ್ಪನ್ನು ಕರಗಿಸುವುದಲ್ಲ, ಸೋಂಕನ್ನು ನಿಲ್ಲಿಸುವುದು. ರೋಗಿ ಆಘಾತ ಸ್ಥಿತಿಯಲ್ಲಿದ್ದರೆ ಒಂದು ಗಂಟೆಯೊಳಗೆ ಪ್ರತಿಜೀವಕ ಔಷಧವನ್ನು ಆರಂಭಿಸಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಕೀವು ಇದ್ದರೆ ಹೊರತೆಗೆಯುವುದು, ರಕ್ತನಾಳದ ಮೂಲಕ ದ್ರವ ನೀಡುವುದು, ಆಮ್ಲಜನಕ ಮತ್ತು ರಕ್ತದೊತ್ತಡ ಕಾಯ್ದುಕೊಳ್ಳುವ ಔಷಧ ನೀಡುವುದು ಜೊತೆಜೊತೆಗೆ ನಡೆಯುತ್ತವೆ. ರಕ್ತಸ್ರಾವವಿದ್ದರೆ ಪ್ಲೇಟ್‌ಲೆಟ್ ಹಾಗೂ ಪ್ಲಾಸ್ಮಾ ನೀಡಲಾಗುತ್ತದೆ.

ಹೆಪ್ಪುಗಟ್ಟುವಿಕೆಯನ್ನು ಮಾತ್ರ ತಡೆದರೆ ಸಾಲದೆಂಬುದು ಅನುಭವದಿಂದ ತಿಳಿದುಬಂದಿದೆ. ರಕ್ತನಂಜಿಗಾಗಿ ಅಮೆರಿಕದಲ್ಲಿ 2001ರಲ್ಲಿ ಅನುಮೋದನೆ ಪಡೆದಿದ್ದ ಚುರುಕುಗೊಳಿಸಿದ ಪ್ರೋಟೀನ್-ಸಿ ಔಷಧವು, ಮರುಪರೀಕ್ಷೆಯಲ್ಲಿ ಸಾವನ್ನು ಕಡಿಮೆ ಮಾಡಲಿಲ್ಲವಾದ ಕಾರಣ 2011ರಲ್ಲಿ ಮಾರುಕಟ್ಟೆಯಿಂದ ಹಿಂಪಡೆಯಲ್ಪಟ್ಟಿತು. 2017ರಲ್ಲಿ ಪ್ರಪಂಚದಾದ್ಯಂತ ಸುಮಾರು 1 ಕೋಟಿ 10 ಲಕ್ಷ ಜನರು ರಕ್ತನಂಜಿಗೆ ಸಂಬಂಧಿಸಿ ಮೃತಪಟ್ಟರೆಂದು ಅಂದಾಜಿಸಲಾಗಿದೆ. ಇವುಗಳಲ್ಲಿ ಅನೇಕ ಸಾವುಗಳನ್ನು ಸಕಾಲದ ಚಿಕಿತ್ಸೆಯಿಂದ ತಪ್ಪಿಸಬಹುದು.

11. ಸೌಲಭ್ಯ ಪಡೆಯುವ ವಿಧಾನ

(ಅ) ತುರ್ತು ವಾಹನ: 108ಕ್ಕೆ ಉಚಿತವಾಗಿ ಕರೆ ಮಾಡಬಹುದು. 2008ರಲ್ಲಿ ಆರಂಭವಾದ ಈ ಸೇವೆಗೆ ಯಾವುದೇ ಶುಲ್ಕವಿಲ್ಲ. ಕರೆ ಮಾಡುವಾಗ ಗ್ರಾಮ, ಹೋಬಳಿ ಹಾಗೂ ಸಮೀಪದ ಗುರುತನ್ನು ತಿಳಿಸಬೇಕು. ತೋಟದ ಮನೆಯವರು ಮುಖ್ಯರಸ್ತೆಯಲ್ಲಿ ಒಬ್ಬರನ್ನು ನಿಲ್ಲಿಸುವುದು ಒಳ್ಳೆಯದು.

(ಆ) ಚಿಕಿತ್ಸಾ ಕೇಂದ್ರಗಳು: ಮೊದಲಿಗೆ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಹೆಚ್ಚಿನ ಚಿಕಿತ್ಸೆಗೆ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗೆ, ತೀವ್ರ ನಿಗಾ ಅಗತ್ಯವಿದ್ದಲ್ಲಿ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಮೇಲ್ಕಂಡ ಅಪಾಯದ ಲಕ್ಷಣಗಳಿದ್ದಲ್ಲಿ 108 ಸಿಬ್ಬಂದಿ ಸೂಚಿಸುವ ಆಸ್ಪತ್ರೆಗೆ ನೇರವಾಗಿ ತೆರಳುವುದು ಸೂಕ್ತ.

(ಇ) ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: 2018ರಲ್ಲಿ ಜಾರಿಗೆ ಬಂದ ಈ ಯೋಜನೆಯಡಿ ಅರ್ಹ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿಗಳವರೆಗೆ ನೆರವು ದೊರೆಯುತ್ತದೆ. ನೋಂದಣಿಗೆ ಆಧಾರ್ ಮತ್ತು ಪಡಿತರ ಚೀಟಿ ಅಗತ್ಯ. ಕುಟುಂಬದವರು ಕಾಯಿಲೆ ಬರುವ ಮೊದಲೇ ನೋಂದಾಯಿಸಿಕೊಂಡು ಕಾರ್ಡ್ ಪಡೆದಿರುವುದು ಉತ್ತಮ. ನೋಂದಾಯಿತ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರರು ಮಾರ್ಗದರ್ಶನ ನೀಡುತ್ತಾರೆ.

(ಈ) ಗರ್ಭಿಣಿ, ಬಾಣಂತಿ ಹಾಗೂ ಶಿಶುಗಳಿಗೆ: 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ, ಪರೀಕ್ಷೆ, ಅಗತ್ಯವಿದ್ದಲ್ಲಿ ರಕ್ತ ಮತ್ತು ವಾಹನ ಸೌಲಭ್ಯ ಉಚಿತ. ತಾಯಿ ಕಾರ್ಡನ್ನು ತರಬೇಕು.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಗಾಯವಾದಾಗ ಧನುರ್ವಾಯು ಚುಚ್ಚುಮದ್ದು ಪಡೆದರೆ ನಂಜಾಗುವುದಿಲ್ಲವೇ?
ಉತ್ತರ: ಆ ಚುಚ್ಚುಮದ್ದು ಧನುರ್ವಾಯುವಿನಿಂದ ರಕ್ಷಿಸುತ್ತದೆ, ಕೀವು ಉಂಟುಮಾಡುವ ಇತರ ಬ್ಯಾಕ್ಟೀರಿಯಾಗಳಿಂದ ರಕ್ಷಿಸುವುದಿಲ್ಲ. ಚುಚ್ಚುಮದ್ದು ಪಡೆದ ನಂತರವೂ ಗಾಯದ ಮೇಲೆ ನಿಗಾ ಇಡಬೇಕು.

ಪ್ರಶ್ನೆ: ಪ್ಲೇಟ್‌ಲೆಟ್ ಕಡಿಮೆಯಾದರೆ ಅದು ಡೆಂಗಿಯೇ?
ಉತ್ತರ: ಹಾಗೆಂದು ತೀರ್ಮಾನಿಸಲಾಗದು. ರಕ್ತನಂಜು, ಇಲಿಜ್ವರ, ಮಲೇರಿಯಾಗಳಲ್ಲಿಯೂ ಪ್ಲೇಟ್‌ಲೆಟ್ ಇಳಿಯುತ್ತದೆ. ಕಾರಣವನ್ನು ವೈದ್ಯರೇ ನಿರ್ಧರಿಸಬೇಕು.

ಪ್ರಶ್ನೆ: ಮುಂಜಾಗ್ರತೆಯಾಗಿ ರಕ್ತ ತೆಳುವಾಗಿಸುವ ಮಾತ್ರೆಯನ್ನು ಸೇವಿಸಬಹುದೇ?
ಉತ್ತರ: ಸೇವಿಸಬಾರದು. ಈ ಸ್ಥಿತಿಯಲ್ಲಿ ರಕ್ತಸ್ರಾವದ ಅಪಾಯವೂ ಇರುವುದರಿಂದ ಅದು ಪ್ರಾಣಕ್ಕೆ ಎರವಾಗಬಹುದು.

ಪ್ರಶ್ನೆ: ಪ್ರತಿಜೀವಕ ಔಷಧವು ಬ್ಯಾಕ್ಟೀರಿಯಾವನ್ನು ಒಡೆದಾಗ ಒಳವಿಷ ಬಿಡುಗಡೆಯಾಗುವುದಾದರೆ, ಔಷಧ ಪಡೆಯುವುದು ಅಪಾಯವಲ್ಲವೇ?
ಉತ್ತರ: ಇಲ್ಲ. ಔಷಧವಿಲ್ಲದಿದ್ದರೆ ಬ್ಯಾಕ್ಟೀರಿಯಾಗಳು ವೃದ್ಧಿಯಾಗುತ್ತಲೇ ಹೋಗಿ ಇನ್ನೂ ಹೆಚ್ಚಿನ ವಿಷ ಸೇರುತ್ತದೆ. ಔಷಧದಿಂದ ಆಗುವ ಪ್ರಯೋಜನವೇ ಬಹಳ ಹೆಚ್ಚು.

ಪ್ರಶ್ನೆ: ಮನೆಯಲ್ಲಿ ಉಳಿದಿರುವ ಮಾತ್ರೆಗಳನ್ನು ನೀಡಬಹುದೇ?
ಉತ್ತರ: ನೀಡಬಾರದು. ಸೂಕ್ತವಲ್ಲದ ಔಷಧದಿಂದ ಅಮೂಲ್ಯ ಸಮಯ ನಷ್ಟವಾಗುತ್ತದೆ. ಔಷಧಕ್ಕೆ ಬಗ್ಗದ ರೋಗಾಣುಗಳೂ ಬೆಳೆಯುತ್ತವೆ.

ಪ್ರಶ್ನೆ: ಕಾರ್ಡ್ ಇಲ್ಲವೆಂಬ ಕಾರಣಕ್ಕೆ ಆಸ್ಪತ್ರೆಗೆ ಹೋಗಲು ಕಾಯಬೇಕೇ?
ಉತ್ತರ: ಕಾಯಬಾರದು. ಪ್ರಾಣಾಪಾಯದಲ್ಲಿರುವ ಗಾಯಾಳುವಿಗೆ ಚಿಕಿತ್ಸೆ ನೀಡುವುದು ಸರ್ಕಾರಿ ಹಾಗೂ ಖಾಸಗಿ ವೈದ್ಯರಿಬ್ಬರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪು ನೀಡಿದೆ. ಮೊದಲು ರೋಗಿಯನ್ನು ದಾಖಲಿಸಿ, ದಾಖಲೆಗಳನ್ನು ಅನಂತರ ತರಬಹುದು.

13. ವಿಶೇಷ ಸೂಚನೆ

ಮೇಲ್ಕಂಡ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ರೋಗನಿರ್ಣಯ ಮತ್ತು ಚಿಕಿತ್ಸೆಗೆ ವೈದ್ಯಾಧಿಕಾರಿಗಳ ಸಲಹೆಯೇ ಅಂತಿಮ. ಗಾಯ ಅಥವಾ ಜ್ವರವಿರುವ ವ್ಯಕ್ತಿಗೆ ಉಸಿರಾಟ ವೇಗವಾಗಿ, ಮಂಪರು ಕವಿದು, ಮೈ ತಣ್ಣಗಾದಲ್ಲಿ ಬೆಳಗಾಗಲೆಂದು ಕಾಯದೆ ಅದೇ ಗಳಿಗೆಯಲ್ಲಿ 108ಕ್ಕೆ ಕರೆ ಮಾಡಬೇಕೆಂದು ನಾಗರಿಕರಲ್ಲಿ ವಿನಂತಿಸಲಾಗಿದೆ.